ಮುಲುಂಡ್: ಹೊರಗಿನ ಕಾಂಕ್ರೀಟ್ ಗೋಡೆಯ ಬಣ್ಣ ಮತ್ತೆ ಚಕ್ಕೆ ಏಳುತ್ತಿದೆ, ಯಾವ ಬಣ್ಣ ಹಚ್ಚಿಸಲಿ?

ಮುಲುಂಡ್ ಮೂರನೇ ಮಹಡಿ · ಅಕ್ಟೋಬರ್ 12

ಎಲ್ಲರಿಗೂ ನಮಸ್ಕಾರ. ಮುಂಬೈಯ ಮುಲುಂಡ್ ಪೂರ್ವದಲ್ಲಿ ನಮ್ಮ ಮನೆ. ಕಟ್ಟಡ 1996ರದು. ಹಾಲ್‌ನಿಂದ ಹೊರಗೆ ಕಾಲಿಟ್ಟರೆ ಸಣ್ಣದೊಂದು ಬಯಲು ಗಚ್ಚಿ ಇದೆ. ಅದರ ಸುತ್ತ ಸೊಂಟದೆತ್ತರದ ಕಾಂಕ್ರೀಟ್ ಗೋಡೆ, ಗೋಡೆಯ ತಲೆ ಮೇಲೆ ಕಬ್ಬಿಣದ ರೇಲಿಂಗ್. ಈ ಗೋಡೆಗೆ ಬಣ್ಣ ನಿಲ್ಲುತ್ತಲೇ ಇಲ್ಲ.

ಎರಡು ವರ್ಷದ ಹಿಂದೆ ಹಚ್ಚಿಸಿದ್ದು ಒಂದೇ ಮಳೆಗಾಲಕ್ಕೆ ಉದುರಿತು. ಈ ವರ್ಷ ಮೇ ಕೊನೆಯ ವಾರ ಮತ್ತೆ ಹಚ್ಚಿಸಿದೆವು. ಆಗಸ್ಟ್‌ನಲ್ಲಿ ಗುಳ್ಳೆ ಎದ್ದವು. ಚೌತಿ ಹೊತ್ತಿಗೆ ಅಂಗೈ ಅಗಲದ ಚಕ್ಕೆಗಳು ಬೀಳತೊಡಗಿದವು. ಅಮ್ಮ ಬೆಳಗ್ಗೆ ತುಳಸಿಗೆ ನೀರು ಹಾಕುವ ಮುಂಚೆ ಕುಂಡದಿಂದ ಬಣ್ಣದ ಚೂರು ಆರಿಸಿ ತೆಗೆಯಬೇಕು. ದಿನವೂ ಇದೇ ಕೆಲಸ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಚ್ಚಿದವರನ್ನು ಕರೆದು ತೋರಿಸಿದೆ. ಬಣ್ಣ ಅಗ್ಗದ್ದು, ಈ ಸಲ ರಬ್ಬರಿನಂತೆ ಹಿಗ್ಗುವ ವಾಟರ್‌ಪ್ರೂಫ್ ಬಣ್ಣ ಹಚ್ಚೋಣ ಅಂದರು. ಖರ್ಚು ಹೆಚ್ಚುಕಮ್ಮಿ ಎರಡರಷ್ಟು. ಹಣ ಹೋಗಲಿ, ಕೆಲಸ ನಿಲ್ಲಬೇಕು ಅಷ್ಟೇ. ಯಾವ ಕಂಪನಿಯದು ತರಿಸಲಿ, ದಯವಿಟ್ಟು ಹೇಳಿ.

ಪುಣೆ ಸಿವಿಲ್ · ಅಕ್ಟೋಬರ್ 12

ಕಂಪನಿ ಹೆಸರು ಆಮೇಲೆ ನೋಡೋಣ ಸರ್. ಮೊದಲು ಒಂದು ಚಕ್ಕೆ ಕೈಗೆ ತಗೊಂಡು ಅದರ ಬೆನ್ನು ನೋಡಿ. ಬೆನ್ನಿಗೆ ಏನು ಅಂಟಿದೆ? ಬರೀ ಬಣ್ಣವಾ, ಬಿಳಿ ಪುಟ್ಟಿಯಾ (ಗೋಡೆ ನುಣುಪಾಗಲು ಬಣ್ಣದ ಕೆಳಗೆ ಎಳೆಯುವ ಲೇಪ), ಹಳೆ ಬಣ್ಣದ ಪದರವಾ, ಸಿಮೆಂಟ್ ಮರಳಾ? ಎಲ್ಲಿಂದ ಕಿತ್ತಿದೆ ಅನ್ನುವುದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಹಾಗೇ ಗೋಡೆಯನ್ನೂ ನೋಡಿ. ಚಕ್ಕೆ ಬಿದ್ದ ಜಾಗದಲ್ಲಿ ಬಿಳಿ ಹುಡಿ ಇದೆಯಾ? ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ, ಸದ್ದು ಗಟ್ಟಿಯಾಗಿದೆಯಾ ಟೊಳ್ಳಾಗಿದೆಯಾ? ಜಾಸ್ತಿ ಉದುರಿರುವುದು ಗೋಡೆಯ ಮೇಲ್ಭಾಗದಲ್ಲಾ, ಬುಡದಲ್ಲಾ?

ಮುಲುಂಡ್ ಮೂರನೇ ಮಹಡಿ · ಅಕ್ಟೋಬರ್ 13

ನೋಡಿದೆ ಸರ್. ಚಕ್ಕೆಯ ಬೆನ್ನಲ್ಲಿ ಬಿಳಿ ಪುಟ್ಟಿ ಹಾಗೇ ಅಂಟಿಕೊಂಡು ಬಂದಿದೆ. ಉಗುರಿನಲ್ಲಿ ಕೆರೆದರೆ ಸೀಮೆಸುಣ್ಣದ ಹಾಗೆ ಪುಡಿ ಬರುತ್ತದೆ. ಗೋಡೆ ಮೇಲೆ ಕೆಲವು ಕಡೆ ಹತ್ತಿಯಂಥ ಬಿಳಿ ನವಿರು ಬೆಳೆದಿದೆ, ಬೆರಳಿಟ್ಟರೆ ಉದುರುತ್ತದೆ. ಹೊಡೆತ ಬಿದ್ದಿರುವುದು ಗೋಡೆಯ ಮೇಲಿನ ಒಂದಡಿಯಲ್ಲಿ. ಅಲ್ಲಿಂದ ಕೆಳಕ್ಕೆ ನಾಲಿಗೆ ಚಾಚಿದ ಹಾಗೆ ಇಳಿದಿದೆ. ಎರಡು ಕಡೆ ಸದ್ದು ಟೊಳ್ಳು.

ವಾಸ್ಕೋ ಪೇಂಟರ್ · ಅಕ್ಟೋಬರ್ 13

ನಾನು ಗದಗ ಕಡೆಯವನು. ಗೋವಾದಲ್ಲಿ 22 ವರ್ಷದಿಂದ ಬಣ್ಣದ ಕೆಲಸ ಮಾಡುತ್ತೇನೆ. ಇಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಹಾಗಾಗಿ ಉದುರಿದ ಬಣ್ಣ ನೋಡಿ ನೋಡಿ ಕಣ್ಣು ಪಳಗಿದೆ.

ಸರ್, ನಿಮ್ಮ ಬಣ್ಣದ ತಪ್ಪಲ್ಲ. ಬಣ್ಣ ಪುಟ್ಟಿಯನ್ನು ಬಿಟ್ಟಿಲ್ಲ ನೋಡಿ, ಪುಟ್ಟಿ ಗೋಡೆಯನ್ನು ಬಿಟ್ಟಿದೆ. ಗೋಡೆ ನೀರು ಕುಡಿದಿದೆ. ಬಿಸಿಲು ಬಿದ್ದಾಗ ಆ ನೀರು ಆವಿಯಾಗಿ ಹೊರಗೆ ಬರಬೇಕು, ಮುಂದೆ ಬಣ್ಣ ಅಡ್ಡ ನಿಂತಿದೆ. ಆಗ ಅದು ಬಣ್ಣವನ್ನೇ ನೂಕುತ್ತದೆ, ಗುಳ್ಳೆ ಏಳುತ್ತದೆ. ಆ ಬಿಳಿ ನವಿರು ಉಪ್ಪು. ನಮ್ಮ ಕಡೆ ಗೋಡೆ ಉಪ್ಪು ಒಡೆದಿದೆ ಅನ್ನುತ್ತೇವೆ, ಮರಾಠಿಯವರು ಲೋಣಾ ಅನ್ನುತ್ತಾರೆ. ಅದರ ಮೇಲೆ ಯಾವ ಬಣ್ಣವೂ ಕೂರಲ್ಲ.

ಇನ್ನೊಂದು ಮಾತು. ಹಚ್ಚಿದ ಹುಡುಗರು ಹೊರಗೋಡೆಗೆ ಪುಟ್ಟಿ ದಪ್ಪ ಎಳೆದಿರಬೇಕು. ಗೋಡೆ ನುಣುಪಾಗಿ ಕಂಡರೆ ಮಾಲೀಕರಿಗೆ ಖುಷಿ, ಅದಕ್ಕೇ ಎಳೆಯುತ್ತಾರೆ. ಬಿಳಿ ಸಿಮೆಂಟ್ ಪುಟ್ಟಿ ಎರಡು ಕೈ ಸೇರಿ ಒಂದೂವರೆ ಮಿಲಿಮೀಟರ್ ದಾಟಬಾರದು. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಂತೂ ಹೊರಗೆ ಮುಟ್ಟಲೇಬಾರದು, ನೀರು ತಾಗಿದರೆ ಹಿಟ್ಟಾಗುತ್ತದೆ. ನಾನು ಹೊರಗೋಡೆಗೆ ಪುಟ್ಟಿ ಹಾಕುವುದೇ ಇಲ್ಲ, ಗುಂಡಿ ಇದ್ದ ಕಡೆ ಮಾತ್ರ ತುಂಬುತ್ತೇನೆ.

ಪುಣೆ ಸಿವಿಲ್ · ಅಕ್ಟೋಬರ್ 13

ಪೇಂಟರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಉಪ್ಪಿನ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಸಿಮೆಂಟಿನೊಳಗೆ ಸುಣ್ಣದ ಅಂಶ ಉಳಿದಿರುತ್ತದೆ. ಒಳಗೆ ಹೋದ ನೀರು ಅದನ್ನು ಕರಗಿಸಿಕೊಂಡು ಮೇಲ್ಮೈಗೆ ಬರುತ್ತದೆ. ನೀರು ಆರಿಹೋಗುತ್ತದೆ, ಸುಣ್ಣ ಗಾಳಿ ತಾಗಿ ಬಿಳಿಯಾಗಿ ಗಟ್ಟಿಯಾಗುತ್ತದೆ. ಬೇರೆ ಉಪ್ಪುಗಳೂ ಹೀಗೇ ಬರುತ್ತವೆ. ಬಣ್ಣದ ಹಿಂದೆ ಹರಳು ಕಟ್ಟಿದಾಗ ಅದು ಸಣ್ಣ ಜ್ಯಾಕ್ ಇಟ್ಟು ಎತ್ತಿದ ಹಾಗೆ ಬಣ್ಣವನ್ನು ಎತ್ತುತ್ತದೆ.

ಈ ಉಪ್ಪನ್ನು ಮೊದಲು ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ ತೆಗೆಯಿರಿ. ಎಷ್ಟೋ ಜನ ನೇರ ಪೈಪ್ ಹಿಡಿದು ತೊಳೆಯುತ್ತಾರೆ. ಆಗ ಅದರಲ್ಲಿ ಒಂದಷ್ಟು ಕರಗಿ ಮತ್ತೆ ಒಳಗೇ ಹೋಗುತ್ತದೆ, ನಾಲ್ಕು ದಿನಕ್ಕೆ ವಾಪಸ್ ಬರುತ್ತದೆ.

ಈಗ ಒಂದು ಪರೀಕ್ಷೆ ಮಾಡಿ. ಎರಡು ಮೂರು ಕಡೆ ಬಣ್ಣ ಪುಟ್ಟಿ ಪೂರ್ತಿ ಕೆರೆದು ಕಾಂಕ್ರೀಟ್ ಬಯಲು ಮಾಡಿ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಮುಚ್ಚಿ. ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ, ಇಲ್ಲವೇ ಅಷ್ಟು ಜಾಗದ ಕಾಂಕ್ರೀಟ್ ಕಪ್ಪಾದರೆ, ಗೋಡೆಯೊಳಗೆ ಇನ್ನೂ ತೇವ ಇದೆ ಅಂತ ಅರ್ಥ.

ಡೊಂಬಿವಲಿ ಗೃಹಿಣಿ · ಅಕ್ಟೋಬರ್ 14

ರಬ್ಬರ್ ಬಣ್ಣದ ಬಗ್ಗೆ ನನ್ನ ಅನುಭವ ಹೇಳಲೇಬೇಕು. ನಾಲ್ಕು ವರ್ಷದ ಹಿಂದೆ ನಮ್ಮ ಬಾಲ್ಕನಿಯ ಹೊರಗೋಡೆಗೆ ಅದನ್ನೇ ಹಚ್ಚಿಸಿದ್ದೆವು. ಒಳಗೆ ಪಸೆ ಇತ್ತು, ಹಚ್ಚಿದವರು ನೋಡಲಿಲ್ಲ, ನಮಗೂ ಗೊತ್ತಿರಲಿಲ್ಲ. ಜುಲೈನಲ್ಲಿ ಗೋಡೆ ಮೇಲೆ ತಟ್ಟೆಯಷ್ಟು ದೊಡ್ಡ ಗುಳ್ಳೆ ಬಂತು. ಬೆರಳಲ್ಲಿ ಒತ್ತಿದರೆ ಒಳಗೆ ನೀರು ಅಲ್ಲಾಡುತ್ತಿತ್ತು. ಸೇಫ್ಟಿ ಪಿನ್ನಿಂದ ಚುಚ್ಚಿದೆ. ಕಂದು ಬಣ್ಣದ ನೀರು ಪಿಚಕಾರಿ ಹಾಗೆ ಚಿಮ್ಮಿತು, ಕೆಳಗೆ ಇಟ್ಟ ಲೋಟ ಅರ್ಧ ತುಂಬಿತು. ಬಣ್ಣ ಹರಿದಿರಲಿಲ್ಲ, ನಿಜ. ಆದರೆ ಹಿಂದಿನ ಗೋಡೆ ಮೆತ್ತಗಾಗಿತ್ತು.

ಅಣ್ಣಾ, ದುಡ್ಡು ಕೊಡುವ ಮುಂಚೆ ದಯವಿಟ್ಟು ಆ ಪ್ಲಾಸ್ಟಿಕ್ ಪರೀಕ್ಷೆ ಮಾಡಿ ನೋಡಿ.

ಪುಣೆ ಸಿವಿಲ್ · ಅಕ್ಟೋಬರ್ 14

ಅಕ್ಕ ಹೇಳಿದ ಹಾಗೆ ಆಗುವುದು ಒಳಗೆ ನೀರು ಇದ್ದಾಗ. ಒಣಗಿದ ಗೋಡೆಗೆ, ಕೂದಲೆಳೆ ಬಿರುಕು ಇದ್ದಲ್ಲಿ, ಆ ಬಣ್ಣ ಒಳ್ಳೆಯ ಕೆಲಸ ಮಾಡುತ್ತದೆ. ನಾನು ಅದನ್ನು ಬೇಡ ಅನ್ನುತ್ತಿಲ್ಲ. ನೀರು ಒಳಗೆ ಬರಲು ಬೇರೆ ದಾರಿ ಇರುವಾಗ ಮುಂಬಾಗಿಲು ಮುಚ್ಚಬೇಡಿ ಅನ್ನುತ್ತಿದ್ದೇನೆ.

ಮುಲುಂಡ್ ಮೂರನೇ ಮಹಡಿ · ಅಕ್ಟೋಬರ್ 17

ಪರೀಕ್ಷೆ ಮಾಡಿದೆ. ಮೂರು ಕಡೆ ಹಾಳೆ ಅಂಟಿಸಿದ್ದೆ. ಗೋಡೆಯ ಬುಡದಲ್ಲಿ ಹಾಳೆ ಒಣಗೇ ಇತ್ತು. ಮಧ್ಯದ್ದೂ ಒಣಗಿತ್ತು. ರೇಲಿಂಗ್ ಕಂಬದ ಕೆಳಗೆ ಅಂಟಿಸಿದ್ದರಲ್ಲಿ ಮಾತ್ರ ಒಳಮೈ ತುಂಬಾ ಹನಿ, ಕಾಂಕ್ರೀಟ್ ಬೂದು ಹೋಗಿ ಕಪ್ಪಾಗಿದೆ. ಆಗ ಕಂಬದ ಬುಡ ನೋಡಿದೆ. ಕಬ್ಬಿಣ ತುಕ್ಕು ಹಿಡಿದು ಪದರ ಪದರವಾಗಿ ಊದಿಕೊಂಡಿದೆ. ಸುತ್ತಲಿನ ಸಿಮೆಂಟ್ ನಕ್ಷತ್ರದ ಹಾಗೆ ಬಿರುಕು ಬಿಟ್ಟಿದೆ. ಒಂದು ಬಿರುಕಿನೊಳಗೆ ನನ್ನ ಮನೆ ಕೀ ತುದಿ ಹೋಯಿತು. ಒಟ್ಟು ಏಳು ಕಂಬ, ಐದರ ಬುಡ ಹೀಗೇ ಇದೆ.

ಇಷ್ಟು ವರ್ಷ ಗೋಡೆಯ ಮುಖ ನೋಡುತ್ತಿದ್ದೆ, ತಲೆ ನೋಡಿರಲಿಲ್ಲ.

ವಾಸ್ಕೋ ಪೇಂಟರ್ · ಅಕ್ಟೋಬರ್ 17

ಸಿಕ್ಕಿತಲ್ಲ ಸರ್! ಇನ್ನು ನಿಮ್ಮ ಕೆಲಸ ಆಗುತ್ತದೆ ಬಿಡಿ.

ಪುಣೆ ಸಿವಿಲ್ · ಅಕ್ಟೋಬರ್ 18

ಇದು ತುಂಬಾ ಕಡೆ ನೋಡಿದ ರೋಗ. ಕಬ್ಬಿಣ ತುಕ್ಕಾದರೆ ಗಾತ್ರ ಎರಡರಿಂದ ಆರು ಪಟ್ಟು ಹಿಗ್ಗುತ್ತದೆ. ಅಷ್ಟು ಜಾಗ ಕಾಂಕ್ರೀಟಿನಲ್ಲಿ ಎಲ್ಲಿಂದ ಬರಬೇಕು? ಒಡೆಯುತ್ತದೆ. ಒಡೆದಲ್ಲಿ ಮಳೆ ನೀರು ಇಳಿಯುತ್ತದೆ, ಇನ್ನಷ್ಟು ತುಕ್ಕು.

ಟೊಳ್ಳು ಸದ್ದು ಬಂದ ಎರಡು ಜಾಗ ಬಿಡಬೇಡಿ. ಒಡೆದು ನೋಡಿಸಿ. ಒಳಗಿನ ಸರಳು ತುಕ್ಕು ಹಿಡಿದಿದ್ದರೆ, ಅದರ ಹಿಂದೆ ಬೆರಳು ಹೋಗುವಷ್ಟು ಜಾಗ ಬಿಡಿಸಿ, ತಂತಿ ಬ್ರಷ್ ಹಾಕಿ ಲೋಹದ ಹೊಳಪು ಬರುವವರೆಗೆ ಉಜ್ಜಿಸಿ. ಆಮೇಲೆ ತುಕ್ಕು ತಡೆಯುವ ಜಿಂಕ್ ಪ್ರೈಮರ್. ಆಮೇಲೆ ಪಾಲಿಮರ್ ಸೇರಿಸಿದ ರಿಪೇರಿ ಗಾರೆ ತುಂಬಬೇಕು. ಬರೀ ಸಿಮೆಂಟ್ ಮರಳು ಮೆತ್ತಿದರೆ ಹಳೆ ಕಾಂಕ್ರೀಟ್ ಅದನ್ನು ಹಿಡಿಯುವುದಿಲ್ಲ. ಸರಳು ತೆಳ್ಳಗಾಗಿ ಹೋಗಿದ್ದರೆ ಮಾತ್ರ ಅಲ್ಲೇ ನಿಲ್ಲಿಸಿ, ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ. ಆಗ ಅದು ಬಣ್ಣದ ವಿಷಯವಾಗಿ ಉಳಿಯುವುದಿಲ್ಲ.

ಕಂಬಗಳ ಬುಡದ ಒಡೆದ ಸಿಮೆಂಟ್ ಪೂರ್ತಿ ತೆಗೆಸಿ, ಕಬ್ಬಿಣ ಉಜ್ಜಿ ಪ್ರೈಮರ್ ಹಚ್ಚಿ, ಕುಗ್ಗದ ಗ್ರೌಟ್ (ಸಂದಿಗೆ ಸುರಿಯುವ ತೆಳು ಸಿಮೆಂಟ್ ಗಾರೆ) ಸುರಿಸಿ. ಕಬ್ಬಿಣ ಮತ್ತು ಸಿಮೆಂಟ್ ಸೇರುವಲ್ಲಿ ಸುತ್ತಲೂ ಸೀಲೆಂಟ್ ಎಳೆಸಿ. ಗೋಡೆಯ ತಲೆ ಮಟ್ಟಸವಾಗಿದ್ದರೆ ಅದರ ಮೇಲೆ ನೀರು ನಿಲ್ಲುತ್ತದೆ. ತೆಳ್ಳಗೆ ಗಾರೆ ಹಾಕಿಸಿ ಗಚ್ಚಿಯ ಕಡೆಗೆ ಇಳಿಜಾರು ಕೊಡಿ.

ಠಾಣೆ ಸೊಸೈಟಿ ಕಾರ್ಯದರ್ಶಿ · ಅಕ್ಟೋಬರ್ 19

ಸ್ವಂತ ಖರ್ಚಿನಲ್ಲಿ ಶುರು ಮಾಡುವ ಮುಂಚೆ ನಿಮ್ಮ ಹೌಸಿಂಗ್ ಸೊಸೈಟಿಗೆ ಪತ್ರ ಕೊಡಿ. ಮಹಾರಾಷ್ಟ್ರದ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಮಳೆ ನೀರಿನ ಸೋರಿಕೆಯ ರಿಪೇರಿ ಸೊಸೈಟಿಯ ಜವಾಬ್ದಾರಿ. ನಿಮ್ಮ ಕಟ್ಟಡಕ್ಕೆ 15 ವರ್ಷ ದಾಟಿದೆ. 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ (ಕಟ್ಟಡದ ಗಟ್ಟಿತನದ ತಪಾಸಣೆ) ಆಗಬೇಕು, 30 ದಾಟಿದರೆ ಮೂರು ವರ್ಷಕ್ಕೊಮ್ಮೆ. ಹಿಂದಿನ ಆಡಿಟ್ ವರದಿ ಕೇಳಿ ತಗೊಳ್ಳಿ. ನಿಮ್ಮ ರೇಲಿಂಗ್ ವಿಷಯ ಅದರಲ್ಲಿ ಈಗಾಗಲೇ ಇದ್ದರೂ ಇರಬಹುದು.

ಫೋಟೋ ಅಂಟಿಸಿ ಕೊಡಿ. ಬರೀ ‘ಬಣ್ಣ ಉದುರುತ್ತಿದೆ’ ಅಂತ ಬರೆದರೆ ಕಮಿಟಿಯಲ್ಲಿ ಯಾರೂ ಎರಡನೇ ಸಲ ಓದುವುದಿಲ್ಲ. ಬಿರುಕು, ತುಕ್ಕು, ಟೊಳ್ಳು ಸದ್ದು ಅಂತ ಬರೆಯಿರಿ.

ಡೊಂಬಿವಲಿ ಗೃಹಿಣಿ · ಅಕ್ಟೋಬರ್ 19

ಒಂದು ವಿಷಯ ಯಾರೂ ಹೇಳಲಿಲ್ಲ. 1996ರ ಕಟ್ಟಡ ಅಂದರೆ ಕೆಳಗಿನ ಹಳೆ ಪದರಗಳಲ್ಲಿ, ಅದಕ್ಕಿಂತ ಜಾಸ್ತಿ ರೇಲಿಂಗ್‌ನ ಎಣ್ಣೆ ಬಣ್ಣದಲ್ಲಿ, ಸೀಸ ಅನ್ನುವ ವಿಷದ ಲೋಹ ಇರಬಹುದು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಿಂದ. ಒಣಗಿದ್ದನ್ನೇ ಕೆರೆದು ಧೂಳೆಬ್ಬಿಸಬೇಡಿ. ನೀರು ಚಿಮುಕಿಸಿ ಕೆರೆಯಿರಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಮಾಸ್ಕ್ ಹಾಕಿಕೊಳ್ಳಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಆ ದಿನ ಬೇರೆ ಕಡೆ ಕಳಿಸಿ. ತುಳಸಿ ಕುಂಡದ ಮೇಲಿನ ಮಣ್ಣನ್ನೂ ಬದಲಾಯಿಸಿ ಅಣ್ಣಾ. ಅಮ್ಮ ಅದರ ಎಲೆ ಬಾಯಿಗೆ ಹಾಕಿಕೊಳ್ಳುತ್ತಾರಲ್ವಾ.

ಮುಲುಂಡ್ ಮೂರನೇ ಮಹಡಿ · ಅಕ್ಟೋಬರ್ 19

ಅಕ್ಕಾ, ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಇವತ್ತೇ ಕುಂಡ ಒಳಗೆ ತಂದಿಟ್ಟೆ, ಮಣ್ಣು ಬದಲಾಯಿಸುತ್ತೇನೆ. ಅಮ್ಮನಿಗೂ ಹೇಳಿದೆ.

ಕೊಥ್ರೂಡ್ ಧಾರವಾಡದವ · ಅಕ್ಟೋಬರ್ 21

ನಡುವೆ ಬಂದಿದ್ದಕ್ಕೆ ಕ್ಷಮಿಸಿ, ನನ್ನದು ಗೋಡೆಯಲ್ಲ, ನೆಲ. ಪುಣೆಯಲ್ಲಿ ಮನೆ ಮುಂದೆ ಕಾರ್ ನಿಲ್ಲಿಸುವ ಕಾಂಕ್ರೀಟ್ ನೆಲಕ್ಕೆ ಎಪಾಕ್ಸಿ (ಎರಡು ದ್ರವ ಬೆರೆಸಿ ಹಚ್ಚುವ ಗಟ್ಟಿ ಬಣ್ಣ) ಹಚ್ಚಿಸಿದ್ದೆ. ಇಲ್ಲಿ ಮಳೆ ಮುಂಬೈಗಿಂತ ಎಷ್ಟೋ ಕಡಿಮೆ. ಆದರೂ ಗಾಲಿ ನಿಲ್ಲುವ ಜಾಗದಲ್ಲೇ ಹಾಳೆ ಹಾಳೆಯಾಗಿ ಎದ್ದಿದೆ, ಉಳಿದದ್ದು ಹಳದಿ ತಿರುಗಿದೆ. ಇದಕ್ಕೂ ಇದೇ ಔಷಧಿನಾ?

ಪುಣೆ ಸಿವಿಲ್ · ಅಕ್ಟೋಬರ್ 21

ನೆಲದ ಲೆಕ್ಕ ಸ್ವಲ್ಪ ಬೇರೆ. ನೆಲ ಹಾಕುವಾಗ ಕರಣೆಯಿಂದ ಜಾಸ್ತಿ ತಿಕ್ಕಿದರೆ ಸಿಮೆಂಟಿನ ತೆಳು ಹಾಲು ಮೇಲೆ ಬಂದು ಕೆನೆ ಕಟ್ಟುತ್ತದೆ. ನೋಡಲು ಗಾಜಿನ ಹಾಗೆ, ಹಿಡಿತ ಮಾತ್ರ ಇಲ್ಲ. ಎಪಾಕ್ಸಿ ಆ ಕೆನೆಗೆ ಗಟ್ಟಿಯಾಗಿ ಅಂಟುತ್ತದೆ, ಕೆನೆಯೇ ನೆಲದಿಂದ ಏಳುತ್ತದೆ. ಓಡಿ ಬಂದ ಗಾಲಿ ಬಿಸಿ ಇರುತ್ತದೆ. ಅದು ಆರುವಾಗ ಬಣ್ಣವನ್ನು ಕಚ್ಚಿಕೊಂಡು ಎಳೆಯುತ್ತದೆ.

ಬಣ್ಣ ತೆಗೆದ ಮೇಲೆ ನೆಲಕ್ಕೆ ಒಂದು ಚಮಚ ನೀರು ಹಾಕಿ ನೋಡಿ. ಹನಿ ಹಾಗೇ ಕೂತರೆ ನೆಲ ಬಣ್ಣವನ್ನೂ ಹೀರುವುದಿಲ್ಲ. ಗ್ರೈಂಡರ್ ಹೊಡೆಸಿ ಪಾಲಿಶ್ ಪೇಪರಿನಷ್ಟು ಒರಟು ಮಾಡಿಸಿ. ಎಣ್ಣೆ ಕಲೆ ಇದ್ದರೆ ಮೊದಲು ಸೋಪಿನ ಪುಡಿ ಹಾಕಿ ತೊಳೆಸಿ. ಹಳದಿ ಆಗಿದ್ದು ಬಿಸಿಲಿಗೆ. ಎಪಾಕ್ಸಿ ಬಿಸಿಲು ತಡೆಯುವುದಿಲ್ಲ. ಹೊರಗೆ ಹಾಕಲೇಬೇಕು ಅಂದರೆ ಮೇಲೆ ಬಿಸಿಲು ತಡೆಯುವ ಪಿಯು (ಪಾಲಿಯುರೆಥೇನ್) ಕೋಟ್ ಬೇಕು.

ಆಸಿಡ್ ಹಾಕಿ ಒರಟು ಮಾಡುವವರೂ ಇದ್ದಾರೆ. ನನಗೆ ಮನಸ್ಸಿಲ್ಲ. ಅದರ ಹೊಗೆ ಕೆಟ್ಟದ್ದು, ಸರಿಯಾಗಿ ತೊಳೆಯದಿದ್ದರೆ ಮುಂದಿನ ಬಣ್ಣವೂ ನಿಲ್ಲುವುದಿಲ್ಲ. ಒಂದಂತೂ ನೆನಪಿಡಿ, ಆಸಿಡ್ ಮತ್ತು ಬ್ಲೀಚಿಂಗ್ ಒಂದೇ ಜಾಗದಲ್ಲಿ ಸೇರಲೇಬಾರದು. ಕ್ಲೋರಿನ್ ಅನಿಲ ಏಳುತ್ತದೆ, ಜೀವಕ್ಕೆ ಅಪಾಯ.

ಮುಲುಂಡ್ ಮೂರನೇ ಮಹಡಿ · ಡಿಸೆಂಬರ್ 8

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಕಾರ್ಯದರ್ಶಿಯವರು ಹೇಳಿದ ಹಾಗೆ ಫೋಟೋ ಸಮೇತ ಪತ್ರ ಕೊಟ್ಟೆ. ಕಮಿಟಿಯವರು ಇಬ್ಬರು ಬಂದು ಕಣ್ಣಾರೆ ನೋಡಿದರು. ರಿಪೇರಿ ಸೊಸೈಟಿಯದು, ಗೋಡೆಯ ಒಳಮುಖದ ಬಣ್ಣ ನಮ್ಮದು ಅಂತ ಒಪ್ಪಂದ ಆಯಿತು.

ಟೊಳ್ಳು ಸದ್ದಿದ್ದ ಜಾಗ ಒಡೆಸಿದೆವು. ಸರಳು ತುಕ್ಕು ಹಿಡಿದಿತ್ತು, ತೆಳ್ಳಗಾಗಿರಲಿಲ್ಲ, ಇಂಜಿನಿಯರ್ ನೋಡಿ ಪರವಾಗಿಲ್ಲ ಅಂದರು. ಕಂಬಗಳ ಬುಡ ಬಿಡಿಸಿ ಗ್ರೌಟ್ ಆಗಿದೆ. ಗೋಡೆಯ ತಲೆಗೆ ಇಳಿಜಾರು ಕೊಟ್ಟಿದ್ದಾರೆ. ಹತ್ತು ದಿನ ಒದ್ದೆ ಗೋಣಿ ಹೊದಿಸಿ ನೀರುಣಿಸಿದೆ. ನಾನೇ ಬೆಳಗ್ಗೆ ಸಂಜೆ ಚೊಂಬಿನಲ್ಲಿ ಹಾಕುತ್ತಿದ್ದೆ.

ಈಗ ಬಣ್ಣ ಯಾವಾಗ? ನೋಡಿದರೆ ಒಣಗಿದ ಹಾಗೇ ಕಾಣುತ್ತದೆ.

ವಾಸ್ಕೋ ಪೇಂಟರ್ · ಡಿಸೆಂಬರ್ 8

ಅವಸರ ಬೇಡ ಸರ್. ಹೊಸ ಸಿಮೆಂಟ್ ಕೆಲಸಕ್ಕೆ ಕನಿಷ್ಠ 28 ದಿನ ಬಿಡಬೇಕು. ಹೊಸ ಸಿಮೆಂಟಿಗೆ ಕ್ಷಾರ ಜಾಸ್ತಿ, ಅದು ಬಣ್ಣವನ್ನು ಸುಡುತ್ತದೆ. ಎಣ್ಣೆ ಬಣ್ಣವಾದರೆ ಸಾಬೂನಿನ ಹಾಗೆ ಮೆತ್ತಗಾಗಿ ಅಂಟಂಟು ಆಗುತ್ತದೆ. ಜನವರಿ ಕೊನೆಗೆ ಹಿಡಿಯಿರಿ, ಹವಾ ಒಣಗಿರುತ್ತದೆ. ಹೋದ ಸಲ ಮೇ ಕೊನೆಗೆ ಹಚ್ಚಿಸಿದ್ದು ಅಂದಿರಲ್ಲ, ಮಳೆ ಬಾಗಿಲಿಗೆ ಬಂದಾಗ ಹಚ್ಚಿದ ಹಾಗಾಯಿತು. ನಾನು ಏಪ್ರಿಲ್ ದಾಟಿದ ಮೇಲೆ ಹೊರಗಿನ ಕೆಲಸ ಹೊಸದಾಗಿ ಒಪ್ಪುವುದಿಲ್ಲ.

ಅಷ್ಟರಲ್ಲಿ ಉಳಿದ ಹಳೆ ಬಣ್ಣ ನೋಡಿಕೊಳ್ಳಿ. ಬ್ಲೇಡಿನಿಂದ ಅಡ್ಡಗೀಟು ಹಾಕಿ, ಅಗಲ ಟೇಪ್ ಒತ್ತಿ ಅಂಟಿಸಿ, ಸರಕ್ಕನೆ ಕಿತ್ತು ನೋಡಿ. ಟೇಪಿಗೆ ಬಣ್ಣ ಬಂದರೆ ಅಲ್ಲೂ ಕೆರೆಯಬೇಕು. ಬರದಿದ್ದರೆ ಅದು ಗಟ್ಟಿ ಇದೆ, ಸುಮ್ನೆ ಕೀಳಬೇಡಿ. ಕೆರೆದ ಜಾಗ ಮತ್ತು ಹಳೆ ಬಣ್ಣ ಸೇರುವ ಅಂಚನ್ನು ಪಾಲಿಶ್ ಪೇಪರಿನಿಂದ ಇಳಿಜಾರಾಗಿ ತಿಕ್ಕಿ. ಕಣ್ಣು ಮುಚ್ಚಿ ಬೆರಳು ಆಡಿಸಿದರೆ ಮೆಟ್ಟಿಲು ಸಿಗಬಾರದು. ಮುಂದಿನ ಚಕ್ಕೆ ಏಳುವುದು ಆ ಮೆಟ್ಟಿಲಿನಿಂದಲೇ.

ಪಾಚಿ ಕಟ್ಟಿದಲ್ಲಿ ಬ್ಲೀಚಿಂಗ್ ನೀರು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ ತೊಳೆಯಿರಿ. ಬಣ್ಣದ ಕೆಳಗೆ ಪಾಚಿ ಬದುಕಿದ್ದರೆ ಮತ್ತೆ ಮೇಲೆ ಬರುತ್ತದೆ. ತೊಳೆದ ಮೇಲೆ ಚೆನ್ನಾಗಿ ಒಣಗಲಿ. ಒಣಗಿದ ಗೋಡೆಗೆ ಅಂಗೈ ಒರೆಸಿ ನೋಡಿ, ಬಿಳಿ ಹುಡಿ ಅಂಟಿದರೆ ಇನ್ನೊಮ್ಮೆ ತೊಳೆಯಿರಿ.

ಮುಲುಂಡ್ ಮೂರನೇ ಮಹಡಿ · ಫೆಬ್ರವರಿ 3

ನಿನ್ನೆ ಮುಗಿಯಿತು. ಶುರು ಮಾಡುವ ಮುಂಚೆ ಮತ್ತೆ ಅದೇ ಮೂರು ಕಡೆ ಪ್ಲಾಸ್ಟಿಕ್ ಅಂಟಿಸಿ ನೋಡಿದೆ. ಕಂಬದ ಕೆಳಗಿನದ್ದೂ ಒಣ ಒಣ. ಹೊರಗೋಡೆಯ ಅಕ್ರಿಲಿಕ್ ಪ್ರೈಮರ್ ಒಂದು ಕೈ, ಅಕ್ರಿಲಿಕ್ ಬಣ್ಣ ಎರಡು ಕೈ. ರಬ್ಬರ್ ಬಣ್ಣ ಬೇಡ ಅಂದೆ. ಪುಟ್ಟಿ ಇಲ್ಲ, ಗುಂಡಿಗಳಿಗೆ ಮಾತ್ರ. ಗೋಡೆ ಸ್ವಲ್ಪ ಒರಟಾಗಿ ಕಾಣುತ್ತದೆ, ನನಗೆ ಇಷ್ಟವೇ ಆಯಿತು.

ಪೇಂಟರ್ ಅಣ್ಣ ಫೋನಿನಲ್ಲಿ ಹೇಳಿದ್ದನ್ನೆಲ್ಲ ಪಾಲಿಸಿದೆ. ಮುಂಜಾನೆ ಗೋಡೆ ಮೇಲೆ ಇಬ್ಬನಿಯ ತೇವ ಇತ್ತು, ಒಂಬತ್ತರವರೆಗೆ ಕಾಯಿಸಿದೆ. ಮಧ್ಯಾಹ್ನದ ಮೇಲೆ ಬಿಸಿಲು ಪಶ್ಚಿಮದ ಗೋಡೆಗೆ ಬರುವ ಮುಂಚೆ ಆ ಕಡೆ ಮುಗಿಸಿದೆವು. ಬಕೆಟ್‌ಗೆ ಎಷ್ಟು ನೀರು ಹಾಕುತ್ತಾರೆ ಅಂತ ಪಕ್ಕದಲ್ಲೇ ನಿಂತು, ಡಬ್ಬಿ ಮೇಲೆ ಬರೆದ ಅಳತೆ ಓದಿ ಹೇಳಿದೆ. ಹುಡುಗರು ಬೇಜಾರು ಮಾಡಿಕೊಳ್ಳಲಿಲ್ಲ. ಮಧ್ಯಾಹ್ನ ಅಮ್ಮ ಅವರಿಗೆ ಚಿತ್ರಾನ್ನ ಮಾಡಿ ಬಡಿಸಿದರು.

ವಾಸ್ಕೋ ಪೇಂಟರ್ · ಫೆಬ್ರವರಿ 3

ಚೆನ್ನಾಗಿ ಮಾಡಿಸಿದ್ದೀರಿ ಸರ್. ಕೆಲಸದವರ ಪಕ್ಕ ನಿಂತು ನೋಡುವ ಮಾಲೀಕರು ಇದ್ದರೆ ನಮಗೂ ಮರ್ಯಾದೆಯಿಂದ ಕೆಲಸ ಮಾಡಬೇಕು ಅನ್ನಿಸುತ್ತದೆ.

ಮಡಗಾಂವ್ ಹಳೆ ಮನೆ · ಫೆಬ್ರವರಿ 5

ನಾವು ಕುಂದಾಪುರದವರು, ಈಗ ಮಡಗಾಂವ್‌ನಲ್ಲಿದ್ದೇವೆ. ಬಾಡಿಗೆಗೆ ಇರುವ ಮನೆ ಹಳೆಯದು, ಕೆಂಪು ಮುರಕಲ್ಲಿನ ಗೋಡೆ, ಸುಣ್ಣದ ಗಾರೆ. ಯಾರೋ ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಹಚ್ಚಿ ಎಲ್ಲಾ ಚಕ್ಕೆ ಎದ್ದಿದೆ. ಊರಲ್ಲಿ ಅಜ್ಜಿ ಮನೆಗೆ ಮಳೆ ಬಡಿಯುವ ಕಡೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು, ದೀಪಾವಳಿಗೆ ಸುಣ್ಣ ಬಳಿಯುತ್ತಿದ್ದರು. ಇಲ್ಲಿಗೂ ಸುಣ್ಣವೇ ಸರಿಯಾ?

ವಾಸ್ಕೋ ಪೇಂಟರ್ · ಫೆಬ್ರವರಿ 5

ಸುಣ್ಣವೇ ಸರಿ ಅಕ್ಕ. ಮುರಕಲ್ಲು ತುಂಬಾ ನೀರು ಕುಡಿಯುತ್ತದೆ, ಕುಡಿದದ್ದನ್ನು ಬಿಡಲೂಬೇಕು. ಸುಣ್ಣ ಅದಕ್ಕೆ ದಾರಿ ಕೊಡುತ್ತದೆ. ಪ್ಲಾಸ್ಟಿಕ್ ಬಣ್ಣ ಪೂರ್ತಿ ತೆಗೆಸಿ, ಗೋಡೆ ಒದ್ದೆ ಮಾಡಿಕೊಂಡು ತೆಳ್ಳಗೆ ಮೂರು ಕೈ ಬಳಿಸಿ. ವರ್ಷಕ್ಕೋ ಎರಡು ವರ್ಷಕ್ಕೋ ಮತ್ತೆ ಬಳಿಯಬೇಕು, ಅದಕ್ಕೆ ಮನೆ ಮಾಲೀಕರು ಒಪ್ಪಬೇಕು. ಇದನ್ನು ಮುಲುಂಡ್ ಸರ್ ಗೋಡೆಗೆ ಹೋಲಿಸಬೇಡಿ, ಅದು ಕಾಂಕ್ರೀಟ್.

ಮುಲುಂಡ್ ಮೂರನೇ ಮಹಡಿ · ಸೆಪ್ಟೆಂಬರ್ 21

ಮಳೆಗಾಲ ಮುಗಿಯುತ್ತಾ ಬಂತು, ಹೇಳಿದ ಮಾತಿನಂತೆ ಬರೆಯುತ್ತಿದ್ದೇನೆ. ಗೋಡೆ ನಿಂತಿದೆ. ಏಳೂ ಕಂಬದ ಬುಡ ಬೆರಳಿಟ್ಟು ನೋಡಿದೆ, ಬಿರುಕಿಲ್ಲ. ಟೇಪ್ ಅಂಟಿಸಿ ಕಿತ್ತರೆ ಟೇಪ್ ಬರೀ ಕೈಯಲ್ಲಿ ಬರುತ್ತದೆ. ತುಳಸಿ ಕುಂಡ ವಾಪಸ್ ಅದರ ಜಾಗಕ್ಕೆ ಹೋಗಿದೆ.

ಒಂದು ಕಡೆ ಮಾತ್ರ ಗುಳ್ಳೆ ಎದ್ದಿದೆ. ಗಚ್ಚಿಯ ನೀರು ಹೊರಗೆ ಹೋಗುವ ಪೈಪಿನ ಬಾಯಿ ಪಕ್ಕ, ದೋಸೆಯಷ್ಟು ಅಗಲ. ಅಲ್ಲಿ ನಾವು ರಿಪೇರಿ ಮಾಡಿಸಿರಲಿಲ್ಲ, ಮೇಲೆ ಬಣ್ಣ ಹಚ್ಚಿದ್ದೆವು ಅಷ್ಟೇ. ಈಗಲೇ ಕೆರೆಯಲಾ?

ವಾಸ್ಕೋ ಪೇಂಟರ್ · ಸೆಪ್ಟೆಂಬರ್ 21

ಈಗ ಮುಟ್ಟಬೇಡಿ ಸರ್. ಒಂದು ಸಣ್ಣ ತೂತು ಮಾಡಿ ನೀರಿದ್ದರೆ ಹೊರಗೆ ಬಿಡಿ. ಮಳೆ ನಿಂತ ಮೇಲೆ ಪೈಪಿನ ಸುತ್ತ ಇರುವ ಸಿಮೆಂಟ್ ಬಿಡಿಸಿ ನೋಡಿ, ಪೈಪಿಗೂ ಗೋಡೆಗೂ ನಡುವೆ ಸಂದು ಸಿಗುತ್ತದೆ. ಅದನ್ನು ತುಂಬಿಸಿ, ನವೆಂಬರ್‌ನಲ್ಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿ ಫೋಟೋ ಹಾಕಿ. ಉಳಿದ ಬಣ್ಣ ಇಟ್ಟಿದ್ದೀರಲ್ಲ, ಡಬ್ಬಿ ಮುಚ್ಚಳ ಬಿಗಿ ಇದೆಯಾ ನೋಡಿಕೊಳ್ಳಿ.